ಮಲ್ಲವ್ವನಿಗೆ ತಲುಪದ ಪ್ರಶ್ನೆ

"ಕಾಕಾ, ನೀವು ಹೊರಗ ಕುಂದರ್ರಿ."

ಎರಡು ವಾರದ ಹಿಂದೆ, ಬುಧವಾರ ಬೆಳಿಗ್ಗೆ, ಡಾಕ್ಟರ ಕೋಣೆಯ ಬಾಗಿಲಲ್ಲಿ ನಿಂತು ನನಗೆ ಈ ಮಾತು ಹೇಳಿದವಳು ಮಲ್ಲವ್ವ. ಗಟ್ಟಿಯಾಗಿ ಹೇಳಲಿಲ್ಲ. ಸಿಟ್ಟಿನಿಂದಲೂ ಹೇಳಲಿಲ್ಲ. ಬಸ್ಸಿನಲ್ಲಿ ವಯಸ್ಸಾದವರಿಗೆ ಸೀಟು ತೋರಿಸುವಾಗ ಹೇಳುತ್ತಾರಲ್ಲ, ಹಾಗೆ ಹೇಳಿದಳು. ನಾನು ಹೊರಗೆ ಕೂತೆ.

ಎಪ್ಪತ್ತಮೂರು ವರ್ಷದವನನ್ನು ಹೀಗೆ ಹೊರಗೆ ಕೂರಿಸುವುದು ಸುಲಭವಲ್ಲ. ಅದರಲ್ಲೂ ನನ್ನಂಥವನನ್ನು. ಮಲ್ಲವ್ವ ಕೂರಿಸಿದಳು, ಸರಿಯಾಗಿಯೇ ಕೂರಿಸಿದಳು. ಇದನ್ನು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಮೂರನೆಯ ಸಲ ಹರಿಯುವುದಿಲ್ಲ.

ನಾನು ಕಂಟ್ರೋಲ್ ರೂಮಿನ ಮನುಷ್ಯ ಎಂಬುದು ಈ ಅಂಕಣ ಓದುವ ನಿಮಗೆ ಗೊತ್ತು. ಮೂವತ್ತೈದು ವರ್ಷ ಈ ಊರಿನ ಲೋಕಲ್ ರೈಲುಗಳಲ್ಲಿ ಯಾವುದು ನಿಲ್ಲಬೇಕು, ಯಾವುದು ಮೊದಲು ಹೋಗಬೇಕು ಎಂದು ಫೋನಿನಲ್ಲಿ ಹೇಳುತ್ತ ಕಳೆದವನು. ಅಲ್ಲಿ ಮೊದಲ ದಿನ ಕಲಿಸಿದ ಪಾಠ ಒಂದೇ: ಮಾತು ಚಿಕ್ಕದಿರಲಿ. ಸ್ಟೇಶನ್ ಮಾಸ್ಟರಿಗೆ ಕಾರಣ ಬೇಡ, ಆದೇಶ ಸಾಕು. "ಫಾಸ್ಟ್ ಬಿಡಿ, ಸ್ಲೋ ಹಿಡಿಯಿರಿ." ಮುಗಿಯಿತು. ಯಾಕೆ, ಏನು, ಹಾಗಲ್ಲದೆ ಹೀಗಾದರೆ ಎಂದೆಲ್ಲ ವಿವರಿಸಲು ಹೊರಟರೆ ಅಷ್ಟರಲ್ಲಿ ಹಿಂದೆ ನಾಲ್ಕು ಗಾಡಿ ಸಾಲುಗಟ್ಟಿರುತ್ತವೆ.

ನಿವೃತ್ತನಾದೆ. ಆ ಗಡಿಯಾರ ಮಾತ್ರ ನಿವೃತ್ತವಾಗಲಿಲ್ಲ. ಐದಕ್ಕೆ ಏಳುವುದು, ಆರಕ್ಕೆ ವಾಕಿಂಗ್, ಹನ್ನೆರಡೂ ಮುಕ್ಕಾಲಿಗೆ ಊಟ. ಸಯನ್ನಿನಲ್ಲಿರುವ ನಮ್ಮ ಬಿಲ್ಡಿಂಗಿನ ವಾಚ್‌ಮನ್ ನನ್ನನ್ನು ನೋಡಿ ತನ್ನ ವಾಚ್ ಸರಿಮಾಡಿಕೊಳ್ಳುತ್ತಾನೆ. (ತಮಾಷೆಯಲ್ಲ, ನಿಜ.)

ನಾಲ್ಕು ವರ್ಷದಿಂದ ಮಂಗಳವಾರ ಮತ್ತು ಶುಕ್ರವಾರ ಒಂದು ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಿದ್ದೇನೆ. (ಹೆಸರು ಬೇಡ. ತಪ್ಪು ಅವರದಲ್ಲ.) ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದ ಕನ್ನಡದ ರೋಗಿಗಳಿಗೆ ಅಲ್ಲಿ ಡಾಕ್ಟರ ಮಾತು ಅರ್ಥವಾಗುವುದಿಲ್ಲ. ನಾನು ಅವರ ಜೊತೆ ಒಳಗೆ ಹೋಗುತ್ತೇನೆ. ಇಂಗ್ಲಿಷೋ ಹಿಂದಿಯೋ ಕಿವಿಯಿಂದ ಒಳಗೆ, ಕನ್ನಡ ಬಾಯಿಂದ ಹೊರಗೆ. ಈ ಸೇವೆಗಾಗಿ ಹೋದ ವರ್ಷ ಇಲ್ಲಿನ ಕನ್ನಡ ಸಂಘದವರು ನನಗೆ ಶಾಲು ಹೊದಿಸಿದರು. ಅಂದು ಭಾಷಣ ಮಾಡಿದವರೊಬ್ಬರು "ಇವರದು ಅಚ್ಚುಕಟ್ಟು ಅನುವಾದ" ಎಂದರು. ನಾನು ತಲೆ ಬಾಗಿಸಿದೆ. ಒಪ್ಪಿಕೊಂಡೆ ಎಂದೇ ಅರ್ಥ.

ಇನ್ನು ಮಲ್ಲವ್ವ. ನಲವತ್ತೆರಡು ನಲವತ್ತಮೂರರ ಹೆಂಗಸು. ಯಾದಗಿರಿ ಕಡೆಯವಳು, ಕುರ್ಲಾದ ಚಾಳಿನಲ್ಲಿ ಮನೆ. ಕಾಯಿಲೆಗೆ ಮೊದಲು ಬೆಳಿಗ್ಗೆ ಎಂಟಕ್ಕೆ ನಾಕಾದಲ್ಲಿ, ಅಂದರೆ ರಸ್ತೆ ಕೂಡುವ ಚೌಕದಲ್ಲಿ, ಕೂಲಿಯವರ ಗುಂಪಿನಲ್ಲಿ ನಿಲ್ಲುತ್ತಿದ್ದಳು. ಕೂಲಿಯಾಳುಗಳ ಮೇಸ್ತ್ರಿ ಮುಕಾದಮ ಬಂದು ಕರೆದರೆ ಆ ದಿನ ಕೆಲಸ. ಕಲಸಿದ ಸಿಮೆಂಟಿನ ಘಮೇಲವನ್ನು (ಕಬ್ಬಿಣದ ಬುಟ್ಟಿ) ಎರಡೂ ಕೈಯಲ್ಲಿ ಎತ್ತಿ, ತಲೆಯ ಮೇಲಿಟ್ಟು, ಮಹಡಿ ಹತ್ತುವ ಕೆಲಸ. ಗಂಡ ಪುಣೆ ಕಡೆಯ ಸೈಟಿನಲ್ಲಿದ್ದಾನೆ. ಮಗಳು ಪೂಜಾ ಹನ್ನೊಂದನೇ ಕ್ಲಾಸು.

ಮಲ್ಲವ್ವನ ಬಲಗಡೆಯ ಸ್ತನ ತೆಗೆದು ಮೂರು ವಾರವಾಗಿತ್ತು. ಆಗಲೇ ಬಲ ಕಂಕುಳಿನಿಂದ ಮೂರು ಲಿಂಫ್ ನೋಡುಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದ್ದರು. ಲಿಂಫ್ ನೋಡ್ ಎಂದರೆ ಅವರೆಕಾಳಿನಂಥ ಸಣ್ಣ ಗಂಟುಗಳು. ನಮ್ಮೆಲ್ಲರ ಮೈಯಲ್ಲೂ ಇರುವ ಕಾವಲು ಚೌಕಿಗಳು. ಕ್ಯಾನ್ಸರ್ ಇದ್ದ ಜಾಗ ಬಿಟ್ಟು ಹೊರಟರೆ ಸಾಮಾನ್ಯವಾಗಿ ಮೊದಲು ಸಿಕ್ಕಿಬೀಳುವುದು ಅಲ್ಲೇ. ಮಲ್ಲವ್ವನ ಮೂರು ಗಂಟುಗಳಲ್ಲಿ ಒಂದರಲ್ಲಿ ಅದು ಸಿಕ್ಕಿತ್ತು.

ಅಂದು ಶುಕ್ರವಾರ. ಡಾಕ್ಟರ್ ಮರಾಠಿ ಹುಡುಗಿ, ಮೂವತ್ತೈದರೊಳಗೆ. ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಾಳೆ. ಬಹಳ ನಿಧಾನವಾಗಿ, ಒಂದೊಂದೇ ಬೆರಳು ಮಡಿಸಿ ಹೇಳಿದಳು. ಮುಂದೆ ಎರಡು ದಾರಿಗಳಿವೆ. ಒಂದು, ಇನ್ನೊಂದು ಆಪರೇಶನ್ ಮಾಡಿ ಕಂಕುಳಿನಲ್ಲಿ ಉಳಿದ ಗಂಟುಗಳನ್ನೂ ತೆಗೆಯುವುದು. ಬೇಗ ಮುಗಿಯುತ್ತದೆ, ಎಷ್ಟು ಗಂಟುಗಳಿಗೆ ಹಬ್ಬಿದೆ ಎಂಬುದೂ ತಿಳಿಯುತ್ತದೆ. ಆದರೆ ಮುಂದೆ ಆ ಕೈ ಬಾತುಕೊಳ್ಳುವ, ಭಾರವಾಗುವ ಸಾಧ್ಯತೆ ಹೆಚ್ಚು. ಇನ್ನೊಂದು, ಆಪರೇಶನ್ ಬಿಟ್ಟು ಕಂಕುಳಿಗೆ ರೇಡಿಯೇಶನ್ ಕೊಡುವುದು. ವಾರಕ್ಕೆ ಐದು ದಿನದಂತೆ ಐದು ವಾರ ಬರಬೇಕು. ಚರ್ಮ ಕಪ್ಪಾಗಬಹುದು, ಸುಸ್ತಾಗಬಹುದು. ಕೈ ಬಾತುಕೊಳ್ಳುವುದು ಇದರಲ್ಲೂ ಇಲ್ಲವೆನ್ನಲಾಗದು, ಕಡಿಮೆ. ಇವರ ವಿಷಯದಲ್ಲಿ ಎರಡೂ ಸರಿಯಾದ ದಾರಿಗಳೇ.

"ಇವರು ಏನು ಕೆಲಸ ಮಾಡುತ್ತಾರೆ?" ಎಂದು ಕೇಳಿದಳು.

"ಲೇಬರ್," ಎಂದೆ. ಒಂದೇ ಶಬ್ದ.

ಡಾಕ್ಟರ್ ಪೆನ್ನು ಕೆಳಗಿಟ್ಟಳು. "ಹಾಗಾದರೆ ಕೈಯ ಮಾತು ಮುಖ್ಯ. ಅವರನ್ನೇ ಕೇಳಿ. ಇವತ್ತೇ ಹೇಳಬೇಕೆಂದಿಲ್ಲ, ಮನೆಗೆ ಹೋಗಿ ಯೋಚಿಸಿ ಬರಲಿ." ಹೇಳಿ ಮಲ್ಲವ್ವನ ಮುಖ ನೋಡುತ್ತ ಕೂತಳು.

ನಾನು ಮಲ್ಲವ್ವನ ಕಡೆ ತಿರುಗಿದೆ. ಹೇಳಿದ್ದು ಇಷ್ಟು: "ಕಂಕುಳಿನ ಗಂಟು ತೆಗೆಯಲು ಇನ್ನೊಂದು ಆಪರೇಶನ್ ಆಗಬೇಕು. ದೊಡ್ಡದಲ್ಲ. ಬೇಗ ಮುಗಿಯುತ್ತದೆ. ಆಗಬಹುದಲ್ಲ?"

"ನೀವು ಹೇಳಿದ್ಮ್ಯಾಲ ಮುಗೀತಲ್ರಿ ಕಾಕಾ."

"ಸರ್ಜರಿ ಅಂತಾಳೆ," ಎಂದೆ ಡಾಕ್ಟರಿಗೆ.

"ಇಷ್ಟು ಬೇಗ?"

"ಹಳ್ಳಿಯವರು ಮೇಡಂ. ಇವರು ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ."

ಆ ವಾಕ್ಯವನ್ನು ನಾನೇ ಹೇಳಿದೆ. ಈ ಬಾಯಿಂದಲೇ. ಮುಂದಿನ ಗುರುವಾರಕ್ಕೆ ಆಪರೇಶನ್ ನಿಗದಿಯಾಯಿತು. ಮಲ್ಲವ್ವ ಕೈಮುಗಿದು ಹೋದಳು.

ನಾನು ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕಾರಣ ಸಿದ್ಧವಾಗಿತ್ತು. ಮೊದಲ ಆಪರೇಶನ್ ಆದಮೇಲೆ ಕೊಟ್ಟ ನಾಲ್ಕು ಅಪಾಯಿಂಟ್‌ಮೆಂಟುಗಳಲ್ಲಿ ಮಲ್ಲವ್ವ ಮೂರಕ್ಕೆ ತಡವಾಗಿ ಬಂದಿದ್ದಳು. ಒಮ್ಮೆ ನಲವತ್ತು ನಿಮಿಷ! ಇಂಥವಳು ಐದು ವಾರ, ದಿನವೂ, ಹೇಳಿದ ಹೊತ್ತಿಗೆ ರೇಡಿಯೇಶನ್ನಿಗೆ ಬರುತ್ತಾಳೆಯೇ? ನಡುವೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಅದಕ್ಕಿಂತ ಆಪರೇಶನ್ನೇ ವಾಸಿ. ನೋಡಿ, ಎಷ್ಟು ಕಾಳಜಿಯ ಮನುಷ್ಯ ನಾನು!

ಮಂಗಳವಾರ ಮಲ್ಲವ್ವ ಆಪರೇಶನ್ನಿಗೆ ಮುಂಚಿನ ರಕ್ತಪರೀಕ್ಷೆಗೆ ಬಂದಳು. ಕಾಯುವ ಹಾಲಿನಲ್ಲಿ ನನಗೆ ಕೊಟ್ಟ ಮೇಜಿನಿಂದ ಮೂರು ಬೆಂಚು ಆಚೆ ಕೂತಳು. ಅವಳ ಪಕ್ಕದಲ್ಲಿ ಹುಸೇನ್‌ಬಿ. ಈಕೆ ವಿಜಯಪುರದ ಕಡೆಯವಳು, ಕುರ್ಲಾದಲ್ಲಿ ಬಳೆ ಮಾರುತ್ತಾಳೆ. ಇದೇ ಕಾಯಿಲೆ, ಹೋದ ವರ್ಷ ಚಿಕಿತ್ಸೆಯಾಗಿದೆ, ತಪಾಸಣೆಗೆಂದು ಬರುತ್ತಿರುತ್ತಾಳೆ. ಮನೆಮಾತು ದಖನಿ ಉರ್ದುವಾದ್ದರಿಂದ ಡಾಕ್ಟರ ಹಿಂದಿಗೆ ಅವಳಿಗೆ ನನ್ನ ಅಗತ್ಯವಿಲ್ಲ. ಮಲ್ಲವ್ವನ ಹಿಂದಿ ನಾಕಾದ ಹಿಂದಿ: ಕಿಧರ್, ಕಿತನಾ, ಉಠಾವ್. ಅದರಲ್ಲಿ ಕಾಯಿಲೆಗೆ ಶಬ್ದವಿಲ್ಲ.

ಹುಸೇನ್‌ಬಿಯ ದನಿ ಮೂವತ್ತು ಬೆಂಚು ಆಚೆಗೂ ಕೇಳುತ್ತದೆ.

"ಯವ್ವಾ, ಮತ್ತೊಮ್ಮಿ ಕೊಯ್ಸ್ಕೊಳ್ಳಾಕ ಹೊಂಟೀಯೇನ? ಕರೆಂಟ್ ಯಾಕ ಬ್ಯಾಡ ಅಂದಿ?"

"ಯಾವ ಕರೆಂಟ್?"

"ಅರೇ, ಯಾವ ಕರೆಂಟ್ ಅಂತಾಳ ನೋಡು! ಮಶೀನಿನಾಗ ಮಲಗ್ಸಿ ಬಗಲಿಗೆ ಕೊಡ್ತಾರಲ್ಲ. ನನಗೂ ಬಗಲಾಗ ಗಂಟು ಇತ್ತು. ಡಾಕ್ಟರಬಾಯಿ ಕೇಳಿದ್ಳು, ಕೊಯ್ಲೋ, ಕರೆಂಟ್ ಕೊಡ್ಲೋ ಅಂತ. ನಾ ಅಂದೆ, ಬಾಯಿ, ಇದು ಬಳಿ ಇಡಿಸೋ ಕೈ. ಇದು ಬಾತ್ಕೊಂಡ್ರ ಗಿರಾಕಿ ನನ್ನ ಕೈ ನೋಡೇ ಓಡಿ ಹೋಗ್ತಾವ! ಕರೆಂಟ್ ಕೊಡು ಅಂದೆ. ಬಗಲು ಸುಟ್ಟ ಬದ್ನಿಕಾಯಿ ಆಗಿತ್ತು ಖರೆ. ಈಗ ನೋಡು." ಎಂದು ಕೈ ಮೇಲೆತ್ತಿ ಎಲ್ಲರೆದುರು ತಿರುಗಿಸಿದಳು. ಬಳೆಗಳು ಝಲ್ಲೆಂದವು. "ನಿನ್ನ ಕೇಳ್ಲಿಲ್ಲೇನ?"

ಮಲ್ಲವ್ವ ಎದ್ದು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಕಾಕಾ, ಅವತ್ತ ಡಾಕ್ಟರಬಾಯಿ ನನಗೇನರ ಕೇಳಿದ್ಳೇನ್ರಿ?"

ಆಗಲೇ ಹೇಳಬಹುದಿತ್ತು. "ಹೌದು ಮಲ್ಲವ್ವ, ಕೇಳಿದಳು, ನಾನು ನಿನಗೆ ಹೇಳಲಿಲ್ಲ." ಎಷ್ಟು ಹೊತ್ತಿನ ಮಾತು? ನನಗೆ ಚಿಕ್ಕ ಮಾತು ಬರುತ್ತದಲ್ಲ!

"ಕೇಳುವುದೇನಿದೆ? ಡಾಕ್ಟರ್ ಹೇಳಿದ್ದನ್ನೇ ನಿನಗೆ ಹೇಳಿದ್ದೇನೆ," ಎಂದೆ. ಫೈಲು ತಿರುವಿದೆ.

"ಹಂಗಾರ ಆತ್ ಬಿಡ್ರಿ. ಅಲ್ಲ, ಆಕಿ ನನ್ನ ಮಾರಿ ನೋಡ್ಕೋತ ಕುಂತಿದ್ಳು. ನಾ ಏನೋ ಹೇಳ್ಳಿ ಅಂತ ಕಾಯ್ತಾಳ ಅನಿಸ್ತು. ಅದಕ್ಕ ಕೇಳಿದೆ."

ಹೋದಳು.

ಮಾರನೆಯ ದಿನ ಬುಧವಾರ. ನನ್ನ ಆಸ್ಪತ್ರೆಯ ದಿನವಲ್ಲ. ಆದರೂ ವಾಕಿಂಗ್ ಬಿಟ್ಟು ಬೆಳಿಗ್ಗೆಯೇ ಬಸ್ಸು ಹಿಡಿದೆ. ತಪ್ಪೊಪ್ಪಿಕೊಳ್ಳಲು ಹೊರಟೆ ಎಂದು ಬರೆದರೆ ನಿಮಗೆ ನನ್ನ ಮೇಲೆ ಮರುಕ ಹುಟ್ಟಬಹುದು. ಪೂರ್ತಿ ನಿಜವಲ್ಲ. ನನ್ನ ಲೆಕ್ಕಾಚಾರ ಹೀಗಿತ್ತು: ಡಾಕ್ಟರನ್ನು ಒಬ್ಬಳೇ ಇದ್ದಾಗ ಕಾಣುವುದು, "ಪೇಶಂಟ್ ಮನಸ್ಸು ಬದಲಾಯಿಸಿದ್ದಾಳೆ" ಎನ್ನುವುದು, ನಾಳೆಯ ಆಪರೇಶನ್ ಮುಂದೂಡಿಸುವುದು. ಆಮೇಲೆ ಮಲ್ಲವ್ವನಿಗೆ "ಡಾಕ್ಟರ್ ಈಗ ಇನ್ನೊಂದು ದಾರಿ ಹೇಳುತ್ತಿದ್ದಾರೆ" ಎನ್ನುವುದು. ಅವಳ ಕೈ ಉಳಿಯಬೇಕು, ನನ್ನ ಮುಖವೂ ಉಳಿಯಬೇಕು. ತಪ್ಪು ಹಳಿಗೆ ಹೋದ ಗಾಡಿಯನ್ನು ಪ್ರಯಾಣಿಕರಿಗೆ ಗೊತ್ತಾಗದಂತೆ ಸರಿ ಹಳಿಗೆ ತರುವುದು ನನಗೆ ಹೊಸದಲ್ಲ.

ಹೋಗಿ ನೋಡಿದರೆ ಡಾಕ್ಟರ ಬಾಗಿಲಲ್ಲಿ ಮಲ್ಲವ್ವ ಆಗಲೇ ನಿಂತಿದ್ದಾಳೆ. ಪಕ್ಕದಲ್ಲಿ ಬೆನ್ನಿಗೆ ಕಾಲೇಜಿನ ಬ್ಯಾಗು ಹಾಕಿಕೊಂಡ ಪೂಜಾ.

ಈ ಹುಡುಗಿಯನ್ನು ಮೊದಲಿನಿಂದಲೂ ದೂರ ಇಟ್ಟವನು ನಾನೇ. "ಮಗು ಯಾಕೆ ಕ್ಲಾಸು ತಪ್ಪಿಸಬೇಕು, ನಾನಿದ್ದೇನಲ್ಲ," ಎಂದಿದ್ದೆ. ನಿಜವಾಗಿ ಏನೆಂದರೆ, ಒಂದೆರಡು ಸಲ ಅವಳ ಕನ್ನಡ ಕೇಳಿ ನನಗೆ ಮೈ ಉರಿದಿತ್ತು. ಅರ್ಧ ಹಿಂದಿ, ಕಾಲು ಮರಾಠಿ, ಉಳಿದದ್ದು ಅವ್ವನ ಕನ್ನಡ. ಕೆಲವು ತಿಂಗಳ ಹಿಂದೆ ಇದೇ ಅಂಕಣದಲ್ಲಿ "ನಮ್ಮ ಮಕ್ಕಳ ಕಿಚಡಿ ಕನ್ನಡ" ಎಂದು ಬರೆದು ನಿಮ್ಮನ್ನು ನಗಿಸಿದ್ದೆನಲ್ಲ, ಅದರಲ್ಲಿ ಬಂದ ಹುಡುಗಿ ಇವಳೇ. ಎಷ್ಟೋ ಓದುಗರು ಫೋನು ಮಾಡಿ ಶಹಬ್ಬಾಸ್ ಎಂದಿರಿ. ಆ ಶಹಬ್ಬಾಸನ್ನು ಈಗ ಎಲ್ಲಿಡಲಿ?

"ನಡಿ, ಒಳಗೆ ಹೋಗೋಣ," ಎಂದೆ, ಏನೂ ಆಗದವನಂತೆ.

"ಕಾಕಾ, ನೀವು ಹೊರಗ ಕುಂದರ್ರಿ," ಎಂದಳು ಮಲ್ಲವ್ವ. "ಪೂಜಾ ಅದಾಳ."

ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಆ ಕೋಣೆಯ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಎಲ್ಲ ಕೇಳಿಸುತ್ತಿತ್ತು. ಡಾಕ್ಟರ್ ಹಿಂದಿಯಲ್ಲಿ ಹೇಳಿದಳು. ಪೂಜಾ "ಏಕ್ ಮಿನಿಟ್ ಮ್ಯಾಮ್" ಎಂದು ತಡೆದಳು. (ನಾನು ನಾಲ್ಕು ವರ್ಷದಲ್ಲಿ ಒಬ್ಬ ಡಾಕ್ಟರನ್ನೂ ಹಾಗೆ ತಡೆದವನಲ್ಲ. ಅವರ ಹೊತ್ತು ಅಮೂಲ್ಯ!)

"ಅವ್ವಾ, ಸುನ್. ದೋ ರಸ್ತಾ ಅದಾವ. ಒಂದು, ಫಿರ್ ಸೆ ಆಪರೇಶನ್. ಬಗಲಾಗಿಂದ ಪೂರಾ ಗಂಟು ತೆಗಿತಾರ. ಜಲ್ದಿ ಖತಮ್. ಪಣ್ ಬಾದ್ ಮೇ ನಿನ್ನ ಹಾತ್ ಸೂಜ್... ಸೂಜ್ ಅಂದ್ರ... ಅವ್ವಾ, ಫುಗ್ಗಾ ಆಗ್ತದಲ್ಲ, ವೈಸಾ."

"ಬಾವು ಬರ್ತದೇನು?"

"ಹಾಂ, ಬಾವು! ಬರ್ತದ ಅಂತ ಪಕ್ಕಾ ಇಲ್ಲ. ಬರಬಹುದು. ಚಾನ್ಸ್ ಜಾಸ್ತಿ."

"ಯಾವ ಕೈ? ಇದ?"

"ಇದ."

ಪೂಜಾ ಎರಡನೆಯ ದಾರಿಯನ್ನೂ ಬಿಡಿಸಿ ಹೇಳಿದಳು. ಆಮೇಲೆ ಶುರುವಾದವು ನೋಡಿ, ಮಲ್ಲವ್ವನ ಪ್ರಶ್ನೆಗಳು. ಬಾವು ಬಂದರೆ ಮತ್ತೆ ಇಳಿಯುತ್ತದೋ, ಹಾಗೇ ಉಳಿಯುತ್ತದೋ? ಆ ಕೈಯಲ್ಲಿ ಘಮೇಲ ಎತ್ತಬಹುದೋ? ಎಷ್ಟು ತಿಂಗಳ ಮೇಲೆ? ಕರೆಂಟ್ ಕೊಟ್ಟರೆ ನೋವಾಗುತ್ತದೋ? ಒಂದು ದಿನ ತಪ್ಪಿದರೆ ಏನಾಗುತ್ತದೆ? ಗಂಟು ಒಳಗೇ ಉಳಿದರೆ ಅದು ಸತ್ತಿದೆ ಎಂದು ಹೇಗೆ ಗೊತ್ತಾಗುವುದು? ಪೂಜಾ ಒಂದೊಂದನ್ನೂ ಕುಂಟುತ್ತ ಹಿಂದಿಗೆ ತಿರುಗಿಸಿದಳು. ಡಾಕ್ಟರ್ ಒಂದೊಂದಕ್ಕೂ ಉತ್ತರ ಕೊಟ್ಟಳು. ಘಮೇಲದ ಪ್ರಶ್ನೆಗೆ ಮಾತ್ರ ತಡೆದು, ಭಾರ ಎತ್ತುವುದು ಯಾವುದಾದರೂ ಸರಿ ಈಗಲೇ ಆಗದು, ಆಮೇಲೆ ಕೈ ನೋಡಿಕೊಂಡು ನಿಧಾನಕ್ಕೆ, ಖಾತರಿ ಕೊಡಲಾರೆ ಎಂದಳು. ಪೂಜಾ ಅದನ್ನೂ ಮುಚ್ಚಿಡಲಿಲ್ಲ.

"ಖಾತ್ರಿ ಇಲ್ಲ ಅಂತಾಳ ಅವ್ವಾ."

"ಇರ್ಲಿ. ಖರೆ ಹೇಳಿದ್ಳಲ್ಲ."

ಮುಕ್ಕಾಲು ಗಂಟೆ. ನಾನು ಒಂದೂವರೆ ನಿಮಿಷದಲ್ಲಿ ಮುಗಿಸಿದ್ದ ಕೆಲಸಕ್ಕೆ ಆ ಕಿಚಡಿ ಕನ್ನಡ ತೆಗೆದುಕೊಂಡದ್ದು ಮುಕ್ಕಾಲು ಗಂಟೆ. ಬಾಗಿಲಲ್ಲಿ ಕಾಯುತ್ತಿದ್ದವರು ಗೊಣಗಿದರು. ನಾನು ಗೊಣಗಲಿಲ್ಲ. ಆ ಹುಡುಗಿ ಏನನ್ನೂ ಬಿಡಲಿಲ್ಲ.

ಆ ಬೆಂಚಿನ ಮೇಲೆ ಕೂತಾಗ ಇನ್ನೊಂದು ವಿಷಯ ನನಗೆ ಖಚಿತವಾಯಿತು. ಖಚಿತವಾಯಿತು ಎಂದರೂ ಸುಳ್ಳೇ. ಅದು ನನಗೆ ಶುಕ್ರವಾರವೇ ಗೊತ್ತಿತ್ತು.

ಮಲ್ಲವ್ವ ತಡವಾಗಿ ಬರುವವಳು, ರೇಡಿಯೇಶನ್ನಿಗೆ ಅವಳನ್ನು ನಂಬಲಾಗದು ಎಂದೆನಲ್ಲ, ಆ ಕಾರಣ ನಾನು ಆಮೇಲೆ ಹೊಲಿದು ತೊಡಿಸಿದ ಅಂಗಿ. ಶುಕ್ರವಾರ ಡಾಕ್ಟರ್ ಮಾತು ಮುಗಿಸಿದಾಗ ನಾನು ನೋಡಿದ್ದು ಮಲ್ಲವ್ವನ ಮುಖವನ್ನಲ್ಲ, ಗೋಡೆಯ ಗಡಿಯಾರವನ್ನು. ಹನ್ನೆರಡು ಮೂವತ್ತೆಂಟು. ಹನ್ನೆರಡೂ ಮುಕ್ಕಾಲಿಗೆ ನನ್ನ ಊಟ. ಎರಡು ದಾರಿಗಳನ್ನು ಬಿಡಿಸಿ ಹೇಳಿದರೆ ಹೆಂಗಸು ಪ್ರಶ್ನೆ ಕೇಳುತ್ತಾಳೆ. ಪ್ರಶ್ನೆ ಕೇಳಿದರೆ ಒಂದು ಗಂಟೆ. ಆಪರೇಶನ್ ಎಂದರೆ ಎರಡು ವಾಕ್ಯ.

ಅಷ್ಟೇ. ಒಬ್ಬ ಹೆಂಗಸಿನ ದುಡಿಯುವ ಬಲಗೈ ಒಂದು ಕಡೆ. ನನ್ನ ಡಬ್ಬಿಯ ಮೊಸರನ್ನ ಇನ್ನೊಂದು ಕಡೆ. ಹನ್ನೆರಡು ನಲವತ್ತೈದಕ್ಕೆ ಸರಿಯಾಗಿ ಕ್ಯಾಂಟೀನಿನಲ್ಲಿ ಕೂತು ಊಟ ಮಾಡಿದೆ. ರುಚಿಯಾಗಿಯೇ ಇತ್ತು.

ಶಿಸ್ತು ಎಂದು ಇದನ್ನೇ ನಾನು ಇಷ್ಟು ವರ್ಷ ನಿಮಗೆ ಬೋಧಿಸುತ್ತ ಬಂದಿದ್ದೇನೆಯೇ?

ಇಬ್ಬರೂ ಹೊರಗೆ ಬಂದರು. ಮಲ್ಲವ್ವನ ಮುಖದಲ್ಲಿ ಬೆವರಿತ್ತು, ದಣಿವಿತ್ತು. ಘಮೇಲ ಇಳಿಸಿ ನಿಂತವರ ಹಾಗೆ ಉಸಿರು ಬಿಟ್ಟಳು.

"ಕರೆಂಟ್ ಹಾಕಿಸ್ಕೋತೀನ್ರಿ ಕಾಕಾ. ಐದು ವಾರ ಹೋದ್ರ ಹೋಗ್ಲಿ. ಕೈ ಏನಾಗ್ತದೋ ಡಾಕ್ಟರಬಾಯಿಗೂ ಗೊತ್ತಿಲ್ಲಂತ. ನನಗ ಇದು ಪಾಡ ಅನಿಸ್ತು."

"ಮಲ್ಲವ್ವ, ನನ್ನಿಂದ ತಪ್ಪಾಯಿತು," ಎಂದೆ. "ಅವತ್ತು ಡಾಕ್ಟರ್ ನಿನ್ನನ್ನೇ ಕೇಳಿದ್ದಳು. ನಾನು ಹೇಳಲಿಲ್ಲ. ನಿನ್ನೆ ಸುಳ್ಳು ಹೇಳಿದೆ."

ಪರವಾಗಿಲ್ಲ, ನೀವು ದೊಡ್ಡವರು ಎಂಬ ಮಾತು ಬರುತ್ತದೆ ಎಂದು ಕಾದೆ. ಇಂಥ ಹೊತ್ತಿನಲ್ಲಿ ನಮ್ಮ ಜನ ಅದನ್ನೇ ಹೇಳುವುದು. ಮಲ್ಲವ್ವ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡಳು.

"ನಾಕಾದಾಗ ಮುಕಾದಮ ಇರ್ತಾನಲ್ರಿ, ಬಾಯಿ ತೆಗದ್ರ ಬೈಗುಳ ಅವಂದು. ಅವ ಸೈತ 'ಬರ್ತೀಯೇನಬೇ' ಅಂತ ಒಂದು ಮಾತು ಕೇಳ್ತಾನ್ರಿ ಕಾಕಾ."

ಅಷ್ಟೇ ಹೇಳಿ, ರೇಡಿಯೇಶನ್ ವಿಭಾಗದ ಚೀಟಿ ಮಾಡಿಸಲು ಸಾಲಿಗೆ ಹೋಗಿ ನಿಂತಳು.

ಪೂಜಾ ನನ್ನ ಪಕ್ಕ ಉಳಿದಳು. ನನಗೆ ಏನಾದರೂ ಮಾತಾಡಬೇಕಿತ್ತು. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? "ಐದು ವಾರ ದಿನಾ ಸರಿಯಾದ ಟೈಮಿಗೆ ಬರಬೇಕು, ನೋಡಮ್ಮ. ನಿಮ್ಮವ್ವ ಯಾವಾಗಲೂ ಲೇಟು," ಎಂದೆ.

ಹುಡುಗಿ ನನ್ನ ಮುಖ ನೋಡಿದಳು. "ಅಂಕಲ್, ಅವ್ವ ಘರ್ ಸೆ ಜಲ್ದಿ ನಿಕಲ್ತಾಳ. ಸ್ಟೇಶನ್ನಾಗ ಖಡೀ ರಹ್ತಾಳ. ಭೀಡ್ ಇದ್ರ ಹತ್ತಂಗಿಲ್ಲ. ಇಧರ್ ಟಾಂಕೆ ಅದಾವಲ್ಲ," ಎಂದು ತನ್ನ ಬಲ ಎದೆಯ ಮೇಲೆ ಕೈ ಇಟ್ಟು ತೋರಿಸಿದಳು. "ಧಕ್ಕಾ ಬಡೀತದ. ತೀನ್ ಚಾರ್ ಲೋಕಲ್ ಬಿಡ್ತಾಳ. ಖಾಲಿ ಬಂದ್ರ ಹತ್ತತಾಳ."

ಹೊಲಿಗೆ ಹಾಕಿದ ಎದೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಕುರ್ಲಾದ ಪ್ಲಾಟ್‌ಫಾರ್ಮಿನಲ್ಲಿ ಒಂದಾದ ಮೇಲೊಂದು ಗಾಡಿಯನ್ನು ಬಿಡುತ್ತ ನಿಂತ ಹೆಂಗಸು. ಆ ಗಾಡಿಗಳನ್ನು ಮೂವತ್ತೈದು ವರ್ಷ ಓಡಿಸಿದವನು ನಾನು. ಯಾವ ಗಾಡಿ ಎಷ್ಟು ನಿಮಿಷ ತಡ ಎಂದು ಗೊತ್ತಿತ್ತು. ಒಬ್ಬ ಹೆಂಗಸು ಯಾಕೆ ತಡ ಎಂದು ಒಮ್ಮೆಯೂ ಕೇಳಲಿಲ್ಲ. ಕಾರಣ ಬೇಡ ಎಂದೇ ಕಲಿತವನಲ್ಲವೇ?

ಊಟದ ಗಡಿಯಾರದ ವಿಷಯವನ್ನು ಮಲ್ಲವ್ವನಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ. ಮಲ್ಲವ್ವನಿಗೆ ಓದಲು ಬರುವುದಿಲ್ಲ, ಪೂಜಾಳಿಗೆ ಕನ್ನಡ ಓದಲು ಬರುವುದಿಲ್ಲ. ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು ಅದಕ್ಕೇ ಇರಬಹುದು. ಇದೂ ನಾಚಿಕೆಯ ಪಟ್ಟಿಗೆ ಸೇರಲಿ.

ಮಲ್ಲವ್ವನ ರೇಡಿಯೇಶನ್ ಬರುವ ಸೋಮವಾರ ಶುರು. ಮಗಳೇ ಕರೆತರುತ್ತಾಳೆ. ನಾನು ಮತ್ತೆ ನನ್ನ ಮೇಜಿಗೆ ಹೋಗುತ್ತಿದ್ದೇನೆ. ಈಗ ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳುತ್ತೇನೆ, ಕೇಳಿದ್ದನ್ನೆಲ್ಲ ಕೇಳುತ್ತೇನೆ, ಊಟ ಎರಡಕ್ಕೋ ಮೂರಕ್ಕೋ ಆಗುತ್ತದೆ. ಇದರಿಂದ ಎಲ್ಲ ಸರಿಹೋಯಿತು ಎಂದು ದಯವಿಟ್ಟು ತಿಳಿಯಬೇಡಿ. ಫೋನು ಮಾಡಿ ಸಮಾಧಾನ ಹೇಳಬೇಡಿ.

ಯಾಕೆಂದರೆ ಈ ಆಸ್ಪತ್ರೆಯಲ್ಲಿ ನನ್ನದು ನಾಲ್ಕು ವರ್ಷ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ. "ಕೊಯ್ಯಬೇಕಂತೆ", "ಔಷಧಿ ಹಾಕಬೇಕಂತೆ", "ಊರಿಗೆ ಹೋಗಬಹುದಂತೆ" ಎಂದು ನಾನು ಒಂದೊಂದು ಸಾಲಿನಲ್ಲಿ ಮುಗಿಸಿದವರು ಎಷ್ಟೋ ಮಂದಿ. "ಆತ್ರಿ ಕಾಕಾ" ಎಂದು ಕೈಮುಗಿದು ರೈಲು ಹತ್ತಿದವರು. ಅವರ ಪೈಕಿ ಯಾರ ಮುಖವನ್ನು ಯಾವ ಡಾಕ್ಟರ್ ನೋಡುತ್ತ ಕಾದಿದ್ದರು ಎಂದು ನನಗೆ ನೆನಪಿಲ್ಲ. ನಾನು ಗಡಿಯಾರ ನೋಡುತ್ತಿದ್ದೆ.

ಮಲ್ಲವ್ವನಿಗೆ ಹುಸೇನ್‌ಬಿ ಸಿಕ್ಕಳು. ಅವರಿಗೆ ಯಾರು ಸಿಕ್ಕಿದ್ದರು?